ಇರೋದಾ, ಹೋಗೋದಾ? ಸಣ್ಣ ಊರಿನ ಜಮಾ-ಖರ್ಚು

ಪಿಯುಸಿ ಫಲಿತಾಂಶ ಬಂತೆಂದರೆ ಸಾಕು, ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಮನೆಯಲ್ಲೂ ಒಂದು ಪಂಚಾಯ್ತಿ ಶುರುವಾಗುತ್ತದೆ. ಹುಡುಗ ಇಲ್ಲೇ ಓದೋದಾ, ಬೆಂಗಳೂರಿಗೆ ಹೋಗೋದಾ? ಅಪ್ಪ ಒಂದು ಹೇಳಿದರೆ ಅವ್ವ ಇನ್ನೊಂದು ಹೇಳುತ್ತಾಳೆ. ಸೋದರಮಾವ ರಾಜಾಜಿನಗರದಿಂದ ಫೋನು ಮಾಡಿ ಮೂರನೆಯದನ್ನು ಹೇಳುತ್ತಾನೆ. ಡಿಗ್ರಿ ಮುಗಿದಾಗ ಅದೇ ಪಂಚಾಯ್ತಿ ಕೆಲಸದ ಹೆಸರಿನಲ್ಲಿ ನಡೆಯುತ್ತದೆ, ಮದುವೆ ಹೊತ್ತಿಗೆ ಹೆಣ್ಣಿನ ಹೆಸರಿನಲ್ಲಿ, ಅರವತ್ತು ತುಂಬಿದ ಮೇಲೆ ಎದೆನೋವು ಮಂಡಿನೋವಿನ ಹೆಸರಿನಲ್ಲಿ. ಒಟ್ಟಿನಲ್ಲಿ ಈ ಮೂರು ಊರುಗಳಲ್ಲಿ ಹುಟ್ಟಿದವನಿಗೆ ಈ ಪ್ರಶ್ನೆ ಜೀವಮಾನವೆಲ್ಲ ತಪ್ಪಿದ್ದಲ್ಲ.

ಉತ್ತರ ಹೇಳುವವರಿಗೇನೂ ಬರವಿಲ್ಲ. ‘ಎಲ್ಲೋದ್ರೂ ಅಷ್ಟೇ ಕನಣ್ಣ, ನಮ್ಮೂರೇ ವಾಸಿ’ ಅನ್ನುವವರು ಒಂದು ಕಡೆ. ‘ಇಲ್ಲಿದ್ರೆ ಏನದೆ, ಮಣ್ಣು?’ ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಲೆಕ್ಕಕ್ಕಿಂತ ಸಿಟ್ಟೇ ಜಾಸ್ತಿ. ಆದ್ದರಿಂದ ಕಿರಾಣಿ ಅಂಗಡಿಯ ಖಾತೆ ಪುಸ್ತಕದಂತೆ ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು ಬರೆದು ನೋಡುವುದೇ ಸರಿ.

ಮೊದಲು ಜಮಾ

ಜಮಾ ಕಡೆಯ ಮೊದಲ ಬಾಬ್ತು ಹೊತ್ತು. ಮಂಡ್ಯದಲ್ಲಿ ರೈಲ್ವೆ ಸ್ಟೇಷನ್ನು, ಬಸ್ ಸ್ಟ್ಯಾಂಡು, ಕೋರ್ಟು, ಡಿ.ಸಿ. ಆಫೀಸು, ದೊಡ್ಡಾಸ್ಪತ್ರೆ, ಪೇಟೆ ಬೀದಿ ಎಲ್ಲವನ್ನೂ ಒಂದೇ ಬೆಳಿಗ್ಗೆ ಕಾಲ್ನಡಿಗೆಯಲ್ಲಿ ಸುತ್ತಿ ಬರಬಹುದು. ಸುಭಾಷ್ ನಗರದ ಗುಮಾಸ್ತ ಮಧ್ಯಾಹ್ನ ಮನೆಗೆ ಹೋಗಿ ಬಿಸಿ ಮುದ್ದೆ ಉಂಡು, ಹತ್ತು ನಿಮಿಷ ಅಡ್ಡಾಗಿ, ಮತ್ತೆ ಕಚೇರಿ ಸೇರಬಹುದು. ಬೆಂಗಳೂರಿನಲ್ಲಿರುವ ಅವನ ತಮ್ಮ ಮಗು ಏಳುವ ಮುಂಚೆ ಮನೆ ಬಿಟ್ಟು, ಮಗು ಮಲಗಿದ ಮೇಲೆ ಮನೆ ಸೇರುತ್ತಾನೆ. ದಿನಕ್ಕೆ ಎರಡು ಗಂಟೆ ರಸ್ತೆಯ ಪಾಲಾದರೆ ತಿಂಗಳಿಗೆ ಐವತ್ತು ಗಂಟೆ. ಅಂದರೆ ತಿಂಗಳಲ್ಲಿ ಎರಡು ಹಗಲು, ಎರಡು ರಾತ್ರಿ ಬಸ್ಸಿನಲ್ಲೇ ವಾಸ! ಸಂಬಳದ ಚೀಟಿಯಲ್ಲಿ ಈ ಕಡಿತವನ್ನು ಯಾರೂ ತೋರಿಸುವುದಿಲ್ಲ.

ಎರಡನೆಯದು ಪರಿಚಯ. ಕಾಸಿಲ್ಲದ ದಿನ ‘ಬರ್ಕೊ’ ಅಂದರೆ ಬರೆದುಕೊಳ್ಳುವ ಅಂಗಡಿ ಇಲ್ಲಿ ಇನ್ನೂ ಇದೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರೆ ಔಷಧಿ ಅಂಗಡಿಯವನು ಗೊಣಗಿಕೊಂಡಾದರೂ ಎದ್ದು ಬರುತ್ತಾನೆ. ಸಾವಾದರೆ ಬೀದಿಗೆ ಬೀದಿಯೇ ನಿಂತು ಕೆಲಸ ಮಾಡುತ್ತದೆ. ಚಟ್ಟ ಕಟ್ಟೋರು ಯಾರು, ಹೆಗಲು ಕೊಡೋರು ಯಾರು ಅಂತ ಯೋಚಿಸುವ ಗೋಜಿಲ್ಲ. ಮಹಾನಗರದ ಅಪಾರ್ಟ್‌ಮೆಂಟುಗಳಲ್ಲಿ ಎದುರು ಮನೆಯವರ ಹೆಸರು ಬಾಗಿಲ ಬೋರ್ಡು ನೋಡಿ ತಿಳಿಯಬೇಕು.

ಮೂರನೆಯದು ಹಳ್ಳಿಯ ನಂಟು. ಇದು ನಮ್ಮ ಕಡೆಯ ಊರುಗಳ ವಿಶೇಷ. 2011ರ ಜನಗಣತಿಯ ಪ್ರಕಾರ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769. ಅದರಲ್ಲಿ ಪಟ್ಟಣವಾಸಿಗಳು ನೂರಕ್ಕೆ 17 ಜನ ಮಾತ್ರ. ಆ ಹದಿನೇಳರಲ್ಲೂ ಎಷ್ಟೋ ಮಂದಿಯನ್ನು ‘ಯಾವೂರು?’ ಅಂತ ಕೇಳಿದರೆ ಮಂಡ್ಯ, ಮದ್ದೂರು ಅನ್ನುವುದಿಲ್ಲ. ಹತ್ತು ಕಿಲೋಮೀಟರು ಆಚೆಯ ಹಳ್ಳಿಯ ಹೆಸರು ಹೇಳುತ್ತಾರೆ. ಅಲ್ಲಿಂದ ವರ್ಷಕ್ಕೆ ನಾಲ್ಕು ಮೂಟೆ ರಾಗಿ, ಎರಡು ಮೂಟೆ ಅಕ್ಕಿ, ಬೇಕಾದಷ್ಟು ತೆಂಗಿನಕಾಯಿ, ಒಂದು ಡಬ್ಬ ಬೆಲ್ಲ ಬರುತ್ತದೆ. ಇಪ್ಪತ್ತು ಸಾವಿರ ಸಂಬಳದಲ್ಲಿ ಇಲ್ಲಿ ಸಂಸಾರ ನಡೆಯುತ್ತಿದ್ದರೆ ಅದರಲ್ಲಿ ಹೊಲದ ಪಾಲೂ ಇದೆ. ಹೊಲವಿಲ್ಲದವನಿಗೆ ಈ ಜಮಾ ಇಲ್ಲ ಎಂಬುದನ್ನೂ ಇಲ್ಲೇ ಬರೆದುಬಿಡಬೇಕು.

ನಾಲ್ಕನೆಯದು ಓದು. ಕೆ.ವಿ. ಶಂಕರಗೌಡರಂಥವರ ದುಡಿಮೆಯಿಂದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು 1962ರಲ್ಲೇ ಮಂಡ್ಯಕ್ಕೆ ಬಂತು. ಸರ್ಕಾರಿ ವೈದ್ಯಕೀಯ ಕಾಲೇಜು, ಅಂದರೆ ಮಿಮ್ಸ್, 2006ರಲ್ಲಿ ಬಂತು. ರೈತನ ಮಗ ಮನೆಯ ಊಟ ಬಿಡದೆ ಎಂಜಿನಿಯರೂ ಆಗಬಹುದು, ಡಾಕ್ಟರೂ ಆಗಬಹುದು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಾದ ಮೇಲೆ ಮಳವಳ್ಳಿಯ ಹುಡುಗಿ ಮಂಡ್ಯದ ಕಾಲೇಜಿಗೆ ಓಡಾಡಿಕೊಂಡೇ ಓದುವುದು ಇನ್ನಷ್ಟು ಸಲೀಸಾಯಿತು. ಸಾಹಿತ್ಯ, ಸಭೆ, ಸಮಾರಂಭಕ್ಕೂ ಕೊರತೆಯಿಲ್ಲ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 1974ರಲ್ಲಿ, 1994ರಲ್ಲಿ, 2024ರ ಡಿಸೆಂಬರಿನಲ್ಲಿ, ಹೀಗೆ ಮೂರು ಸಲ ಮಂಡ್ಯದಲ್ಲಿ ನಡೆದಿದೆ. ಇಷ್ಟು ಭಾಗ್ಯ ದೊಡ್ಡ ದೊಡ್ಡ ಊರುಗಳಿಗೂ ಇಲ್ಲ.

ಇಷ್ಟಕ್ಕೇ ಪುಸ್ತಕ ಮುಚ್ಚಿದರೆ ಎಲ್ಲರೂ ಇಲ್ಲೇ ಇರಬೇಕಿತ್ತು. ಇದ್ದಾರೆಯೇ?

ಇನ್ನು ಖರ್ಚು

ಜನಗಣತಿ ಏನು ಹೇಳುತ್ತದೆ ನೋಡಿ. 2001ರಿಂದ 2011ರವರೆಗಿನ ಹತ್ತು ವರ್ಷದಲ್ಲಿ ಕರ್ನಾಟಕದ ಜನಸಂಖ್ಯೆ ನೂರಕ್ಕೆ 15ಕ್ಕೂ ಹೆಚ್ಚು ಬೆಳೆಯಿತು. ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹಾರಿತು. ಮಂಡ್ಯ ಜಿಲ್ಲೆ? ನೂರಕ್ಕೆ ಎರಡೂವರೆಯೂ ಇಲ್ಲ. ಇಡೀ ಜಿಲ್ಲೆಯಲ್ಲಿ ಹತ್ತು ವರ್ಷಕ್ಕೆ ಹೆಚ್ಚಾದದ್ದು 42 ಸಾವಿರ ಜನ. ಮಂಡ್ಯ ನಗರವೂ ಒಂದು ಲಕ್ಷ 31 ಸಾವಿರದಿಂದ ಒಂದು ಲಕ್ಷ 37 ಸಾವಿರಕ್ಕೆ ಬಂದು ನಿಂತಿತು. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ, ಹಾಗಾಗಿ ಈ ಲೆಕ್ಕವನ್ನೇ ನೋಡಬೇಕು. ಇಲ್ಲಿ ಮಕ್ಕಳು ಕಡಿಮೆ ಹುಟ್ಟಿದ್ದೂ ಇದಕ್ಕೆ ಒಂದು ಕಾರಣ. ಆದರೆ ಹುಟ್ಟಿದವರು ಬೆಳೆದು ಎಲ್ಲಿಗೆ ಹೋದರು ಎಂಬುದಕ್ಕೆ ಬೆಂಗಳೂರಿನ ಆ 31 ಲಕ್ಷದಲ್ಲಿ ಉತ್ತರವಿದೆ.

ಹೋಗುವುದಕ್ಕೆ ಮೊದಲ ಕಾರಣ ಕೆಲಸ. ಇದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು. ಇಂದಿನ ಮಂಡ್ಯ ತಾನಾಗಿ ಬೆಳೆದ ಊರಲ್ಲ, ನೀರಿನಿಂದ ಬೆಳೆದ ಊರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಅದರ ಹಿಂದೆಯೇ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ ಬಂತು. ನೀರು ಬಂದ ಮೇಲೆ ಕಬ್ಬು ಬಂತು. ಕಬ್ಬು ಅರೆಯಲು 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಆಯಿತು; ಇದರಲ್ಲಿ ಅಂದಿನ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ನರ ಪಾಲು ದೊಡ್ಡದು. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಮೊದಲು ನಾಲೆ, ಆಮೇಲೆ ಕಾರ್ಖಾನೆ, ಆಮೇಲೆ ಕಚೇರಿ, ಆಮೇಲೆ ಅಂಗಡಿ, ಸ್ಕೂಲು, ಸಿನಿಮಾ ಥಿಯೇಟರು.

ಆ ಸರಪಳಿ ಇವತ್ತಿಗೂ ಹಾಗೇ ಇದೆ. ನಾಲೆಯಲ್ಲಿ ನೀರು ನಿಂತರೆ ಗದ್ದೆ ಒಣಗುತ್ತದೆ, ಅದು ಸರಿ. ಆದರೆ ಪೇಟೆ ಬೀದಿಯ ಸೀರೆ ಅಂಗಡಿಯೂ ಒಣಗುತ್ತದೆ. ಕಬ್ಬಿನ ಹಣ ಬಾಕಿ ನಿಂತರೆ ಮಗಳ ಮದುವೆ ಮುಂದಕ್ಕೆ ಹೋಗುತ್ತದೆ. ಮದುವೆ ಮುಂದಕ್ಕೆ ಹೋದರೆ ಛತ್ರ, ಓಲಗ, ಅಡುಗೆಯವರು, ಚಿನ್ನದಂಗಡಿ ಎಲ್ಲರ ಕೈಯೂ ಖಾಲಿ. 2023ರ ಸೆಪ್ಟೆಂಬರ್ 23ರಂದು ಕಾವೇರಿ ನೀರಿಗಾಗಿ ಮಂಡ್ಯ ಬಂದ್ ಆದಾಗ ಅಂಗಡಿಯವರು ಬಾಗಿಲು ಎಳೆದದ್ದು ಬರೀ ರೈತರ ಮೇಲಿನ ಮಮತೆಯಿಂದ ಅಂತ ತಿಳಿಯಬಾರದು. ಅದು ಅವರದೇ ಗಲ್ಲಾಪೆಟ್ಟಿಗೆಯ ಪ್ರಶ್ನೆ. ಊರಿಗೆ ಹೆಸರು ತಂದ ಮೈಷುಗರ್ ಕಾರ್ಖಾನೆಯೇ ಕೆಲವು ವರ್ಷ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯಿತು. ಒಂದೇ ಬೆಳೆಯನ್ನು ನಂಬಿದ ಊರಿನಲ್ಲಿ ಒಂದು ಚಿಮಣಿಯ ಹೊಗೆ ನಿಂತರೆ ನೂರು ಮನೆಯ ಒಲೆಯ ಹೊಗೆ ತೆಳುವಾಗುತ್ತದೆ.

ಓದಿದವರ ಕಥೆಯೋ? ಎಂಜಿನಿಯರುಗಳನ್ನು ತಯಾರು ಮಾಡುವ ಕಾಲೇಜು ಇಲ್ಲಿದೆ, ಅವರಿಗೆ ಕೆಲಸ ಕೊಡುವ ಕಂಪನಿ ಇಲ್ಲಿಲ್ಲ. ಸರ್ಕಾರಿ ಕಚೇರಿ, ಬ್ಯಾಂಕು, ಸ್ಕೂಲು, ಗೆಜ್ಜಲಗೆರೆಯ ಹಾಲಿನ ಡೈರಿ, ಗಾರ್ಮೆಂಟ್ಸ್, ಇಷ್ಟು ಬಿಟ್ಟರೆ ಮುಂದೇನು? ಹಾಗಾಗಿ ಬೆಳಗಿನ ರೈಲಿಗೆ ಮಂಡ್ಯದಲ್ಲೂ ಮದ್ದೂರಲ್ಲೂ ಪ್ಲಾಟ್‌ಫಾರಂ ತುಂಬಿರುತ್ತದೆ. ಸೀಸನ್ ಪಾಸು ಜೇಬಲ್ಲಿಟ್ಟು, ಬುತ್ತಿ ಚೀಲ ಹೆಗಲಿಗೆ ಹಾಕಿ, ದಿನಾ ಬೆಂಗಳೂರಿಗೆ ಹೋಗಿ ಬರುವ ಈ ಜನ ಯಾವ ಊರಿನವರು? ಹಗಲು ಅಲ್ಲಿ, ರಾತ್ರಿ ಇಲ್ಲಿ. ಸಣ್ಣ ಊರಿನಲ್ಲಿ ಮನೆಯಿದ್ದರೂ ‘ಹೊತ್ತು’ ಅನ್ನುವ ಮೊದಲನೇ ಜಮಾ ಇವರ ಪಾಲಿಗೆ ಇಲ್ಲ.

ಖರ್ಚಿನ ಎರಡನೇ ಬಾಬ್ತು ಕಾಯಿಲೆ. ಜ್ವರ, ಹೆರಿಗೆ, ಮುರಿದ ಕೈಕಾಲು ಇವಕ್ಕೆಲ್ಲ ಊರಲ್ಲೇ ಆಗುತ್ತದೆ. ಆದರೆ ದೊಡ್ಡ ಕಾಯಿಲೆ ಅಂದ ತಕ್ಷಣ ‘ಮೈಸೂರಿಗೆ ಕರ್ಕೊಂಡೋಗಿ’, ‘ಬೆಂಗಳೂರಿಗೆ ಕರ್ಕೊಂಡೋಗಿ’ ಎಂಬ ಮಾತು ಬಂದೇ ಬರುತ್ತದೆ. ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರು. ಆರೋಗ್ಯವಂತನಿಗೆ ಅದು ದೂರವಲ್ಲ. ಎದೆ ಹಿಡಿದುಕೊಂಡು ಮಲಗಿದವನಿಗೆ, ಅದೂ ಮಳವಳ್ಳಿ ಕಡೆಯ ಹಳ್ಳಿಯಲ್ಲಿ ರಾತ್ರಿ ಎರಡು ಗಂಟೆಗೆ ಮಲಗಿದವನಿಗೆ, ಎಷ್ಟು ದೂರ ಎಂಬುದನ್ನು ಕಿಲೋಮೀಟರಿನಲ್ಲಿ ಅಳೆಯಲಾಗುವುದಿಲ್ಲ.

ಮೂರನೇ ಬಾಬ್ತು, ಆಶ್ಚರ್ಯಪಡಬೇಡಿ, ಪರಿಚಯ! ಜಮಾ ಕಡೆ ಬರೆದದ್ದೇ ಖರ್ಚಿನ ಕಡೆಗೂ ಬರುತ್ತದೆ. ಎಲ್ಲರಿಗೂ ಎಲ್ಲರೂ ಗೊತ್ತು ಅನ್ನುವುದು ಊರಿನಲ್ಲಿ ಮಾನ, ಮನೆತನ, ನಾಲ್ಕು ಕಾಸು ಇದ್ದವನಿಗೆ ಆಸ್ತಿ. ಇಲ್ಲದವನಿಗೆ ಅದೇ ಹೊರೆ. ಕಾಲೇಜು ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ಸಹಪಾಠಿ ಜೊತೆ ಎರಡು ಮಾತಾಡಿದರೆ ಅವಳಿಗಿಂತ ಮೊದಲೇ ಸುದ್ದಿ ಮನೆ ಸೇರಿರುತ್ತದೆ. ವ್ಯಾಪಾರದಲ್ಲಿ ಒಮ್ಮೆ ಕೈ ಸುಟ್ಟುಕೊಂಡವನಿಗೆ ಎರಡನೇ ಅಂಗಡಿ ತೆರೆಯಲು ಊರು ಬಿಡುವುದಿಲ್ಲ. ಹಳೇ ಸೋಲನ್ನು ಬೋರ್ಡಿನ ಪಕ್ಕದಲ್ಲೇ ನೇತುಹಾಕುತ್ತದೆ. ಬಾಡಿಗೆ ಮನೆ ಕೇಳಿದರೆ ಹೆಸರಿಗಿಂತ ಮೊದಲು ‘ಯಾವ ಜನ?’ ಎಂಬ ಪ್ರಶ್ನೆ. ಬೆಂಗಳೂರಲ್ಲೂ ಈ ಪ್ರಶ್ನೆ ಇಲ್ಲವೆಂದಲ್ಲ. ಆದರೆ ಅಲ್ಲಿ ಒಂದು ಬಾಗಿಲು ಮುಚ್ಚಿದರೆ ತಟ್ಟಲು ಇನ್ನೊಂದು ಬಡಾವಣೆ ಇದೆ. ಇಲ್ಲಿ ಇರುವುದೇ ಹತ್ತು ಬಡಾವಣೆ, ಹತ್ತಕ್ಕೂ ಸುದ್ದಿ ಹೋಗಿರುತ್ತದೆ.

ಈ ಬಾಬ್ತಿನ ಬಡ್ಡಿ ಎಷ್ಟಾಗಿದೆ ಎಂಬುದು 2023ರ ಫೆಬ್ರವರಿಯಲ್ಲಿ ಬೀದಿಯಲ್ಲೇ ಕಂಡಿತು. ಮದುವೆಗೆ ಹೆಣ್ಣು ಸಿಗದ ಯುವಕರು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಪತ್ರಿಕೆಗಳಲ್ಲಿ ಫೋಟೋ ಬಂತು, ಓದಿದವರು ನಕ್ಕರು. ನಗುವ ವಿಷಯವಲ್ಲ. ಗದ್ದೆಯಿರುವ, ದುಡಿಯುವ, ಮನೆಯಿರುವ ಹುಡುಗನನ್ನು ಹೆಣ್ಣುಮಕ್ಕಳು ಒಲ್ಲೆ ಅನ್ನುತ್ತಿದ್ದಾರೆ ಅಂದರೆ ಅವರು ತಿರಸ್ಕರಿಸುತ್ತಿರುವುದು ಆ ಹುಡುಗನನ್ನು ಮಾತ್ರವಲ್ಲ. ಅವನ ಜೊತೆಗೆ ಬರುವ ಊರನ್ನು, ಆ ಊರಿನ ಕಣ್ಣುಗಳನ್ನು. ಗಂಡಸರು ಹೋಟೆಲಿನಲ್ಲಿ ಕಾಫಿ ಹೀರುತ್ತಾ ‘ನಮ್ಮೂರೇ ಸ್ವರ್ಗ’ ಅನ್ನುವಾಗ ಈ ತೀರ್ಪನ್ನೂ ಕೇಳಿಸಿಕೊಳ್ಳಬೇಕು. ಸಂಜೆ ಏಳರ ಮೇಲೆ ಹೆಣ್ಣುಮಗಳೊಬ್ಬಳು ಒಬ್ಬಳೇ ಕೂತು ಕಾಫಿ ಕುಡಿದರೆ ಯಾರೂ ತಿರುಗಿ ನೋಡದ ಹೋಟೆಲು ಮೂರೂ ಊರಿನಲ್ಲಿ ಎಷ್ಟಿವೆ, ಎಣಿಸಿ ನೋಡಿ.

ಮದ್ದೂರಿನ ಪಕ್ಕದಲ್ಲಿ ಹೋದ ರಸ್ತೆ

‘ಅದಕ್ಕೇನಂತೆ, ರಸ್ತೆ ಆಯ್ತಲ್ಲ, ಇನ್ನು ಬೆಂಗಳೂರು ಹಿತ್ತಲಿಗೇ ಬಂತು’ ಅನ್ನುವವರುಂಟು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥವನ್ನು ಪ್ರಧಾನಿ ನರೇಂದ್ರ ಮೋದಿಯವರು ಉದ್ಘಾಟಿಸಿದ್ದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ. ಸುಮಾರು 118 ಕಿಲೋಮೀಟರು ರಸ್ತೆ, ಮೂರು ಗಂಟೆಯ ದಾರಿ ಒಂದೂವರೆ ಗಂಟೆಯಾಯಿತು. ಸಂತೋಷವೇ. ಆದರೆ ದಾರಿ ಬೇಗ ಸಾಗುವುದು ಹೇಗೆ? ನಡುವಿನ ಊರುಗಳನ್ನು ಮುಟ್ಟದೆ ಹೋಗುವುದರಿಂದ. ಮಂಡ್ಯಕ್ಕೂ ಬೈಪಾಸು, ಮದ್ದೂರಿಗೂ ಬೈಪಾಸು.

ಮದ್ದೂರೆಂದರೆ ವಡೆ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಹಾಕಿ ತಟ್ಟಿ ಕರಿದ ಈ ವಡೆ ಹುಟ್ಟಿದ್ದೇ ರೈಲು ನಿಲ್ದಾಣದಲ್ಲಿ, ಸುಮಾರು ನೂರು ವರ್ಷದ ಹಿಂದೆ, ಪ್ರಯಾಣಿಕರು ಇಳಿದು ಹತ್ತುವ ಆ ನಾಲ್ಕು ನಿಮಿಷದಲ್ಲಿ ಎನ್ನುತ್ತಾರೆ. ಆಮೇಲೆ ಕಾರು, ಬಸ್ಸುಗಳ ಕಾಲ ಬಂದಾಗ ಹಳೇ ಹೆದ್ದಾರಿಯ ಹೋಟೆಲುಗಳು ಅದೇ ವಡೆಯ ಮೇಲೆ ಬದುಕು ಕಟ್ಟಿಕೊಂಡವು. ಬೆಂಗಳೂರು-ಮೈಸೂರಿನ ಮಧ್ಯೆ ಕಾಲು ಚಾಚಲು ನಿಲ್ಲುವ ಜಾಗ ಅಂತಲೇ ಊರಿಗೆ ವರಮಾನ. ಈಗ ಕಾರು ಆಚೆಯಿಂದಲೇ ಹೋಗುತ್ತದೆ. ಹಳೇ ರಸ್ತೆಯ ಹೋಟೆಲು, ಎಳನೀರು ಗಾಡಿ, ಪಂಕ್ಚರ್ ಅಂಗಡಿ, ಬೊಂಬೆ ಅಂಗಡಿ ಎಲ್ಲಕ್ಕೂ ಗಿರಾಕಿ ಕಡಿಮೆಯಾದರು. ಅದೇ ವರ್ಷದ ಆಗಸ್ಟ್ 1ರಿಂದ ದಶಪಥದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರು ಬರಕೂಡದು ಎಂದಾಯಿತು. ಅಪಘಾತ ತಪ್ಪಿಸಲು ಅದು ಬೇಕಿತ್ತು, ನಿಜ. ಆದರೆ ಮಂಡ್ಯ, ಮದ್ದೂರಿನ ಬಹುಪಾಲು ಜನರ ವಾಹನವೇ ಬೈಕು, ಟ್ರ್ಯಾಕ್ಟರು! ಅವರ ನೆಲದ ಮೇಲೆ ಹೋದ ರಸ್ತೆಗೆ ಅವರು ಪಕ್ಕದ ಸರ್ವಿಸ್ ರಸ್ತೆಯಿಂದ ಕತ್ತೆತ್ತಿ ನೋಡಬೇಕು.

ಊರು ಮುಳುಗಿತೆಂದಲ್ಲ. ಮುಂಬೈ, ದೆಹಲಿಗೆ ಲೋಡು ಕಳಿಸುವ ಮದ್ದೂರಿನ ಎಳನೀರು ಮಾರುಕಟ್ಟೆ ದಾರಿಹೋಕರನ್ನು ನಂಬಿದ್ದಲ್ಲ. ಅದಕ್ಕೆ ರಸ್ತೆಯಿಂದ ಅನುಕೂಲವೇ. ಪಾಠ ಇಷ್ಟೇ: ದಾರಿಯಲ್ಲಿ ಹೋಗುವವರನ್ನು ನಂಬಿದ ವ್ಯಾಪಾರ ದಾರಿಯ ಜೊತೆಗೇ ಹೋಯಿತು, ಊರಿನ ಬೆಳೆಯನ್ನು ನಂಬಿದ ವ್ಯಾಪಾರ ಉಳಿಯಿತು.

ಮಳವಳ್ಳಿ ಕೊಟ್ಟದ್ದು, ಪಡೆದದ್ದು

ಮದ್ದೂರಿನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು ದಕ್ಷಿಣಕ್ಕೆ ಬಂದರೆ ಮಳವಳ್ಳಿಯ ಲೆಕ್ಕ ಇನ್ನೂ ವಿಚಿತ್ರ. ಈ ಊರಿಗೆ ರೈಲೇ ಇಲ್ಲ. ರೈಲು ಬೇಕಾದರೆ ಮದ್ದೂರಿಗೋ ಮಂಡ್ಯಕ್ಕೋ ಬರಬೇಕು. ಬೆಂಗಳೂರಿಗೆ ಹಲಗೂರು, ಕನಕಪುರದ ಮೇಲೆ ಬಸ್ಸು. ಆದರೆ ಬೆಂಗಳೂರಿಗೂ ಮಳವಳ್ಳಿಗೂ ಇರುವ ನಂಟು ಇವತ್ತಿನದಲ್ಲ. 1902ರಲ್ಲಿ ಈ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಅದೇ ವಿದ್ಯುತ್ತಿನಿಂದ. 1974ರಿಂದ ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿ ನೀರು ಸುಮಾರು ನೂರು ಕಿಲೋಮೀಟರು ದೂರ, ಮೂರು ಹಂತದಲ್ಲಿ ಮೇಲೇರಿ ಬೆಂಗಳೂರಿನ ನಲ್ಲಿಗೆ ಹೋಗುತ್ತಿದೆ. 2024ರ ಅಕ್ಟೋಬರ್ 16ರಂದು ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77 ಕೋಟಿ 50 ಲಕ್ಷ ಲೀಟರು ಅದಕ್ಕೆ ಸೇರಿತು.

ಬೆಳಕು ಇಲ್ಲಿಂದ ಹೋಯಿತು, ನೀರು ಇಲ್ಲಿಂದ ಹೋಗುತ್ತಿದೆ, ಅವುಗಳ ಹಿಂದೆಯೇ ಹುಡುಗರೂ ಹೋಗುತ್ತಿದ್ದಾರೆ. ಕುಡಿಯುವ ನೀರನ್ನು ಯಾರೂ ಬೇಡ ಅನ್ನುವುದಿಲ್ಲ. ಬೆಂಗಳೂರಲ್ಲಿ ಆ ನೀರು ಕುಡಿಯುವವರಲ್ಲಿ ಮಳವಳ್ಳಿಯ ಮಕ್ಕಳೂ ಇದ್ದಾರೆ. ಆದರೆ ಮಹಾನಗರಕ್ಕೆ ಇಷ್ಟು ಹತ್ತಿರವಿದ್ದು, ಇಷ್ಟು ಕೊಟ್ಟು, ಪ್ರತಿಯಾಗಿ ಬಂದದ್ದೇನು ಎಂಬ ಕಾಲಂ ಖಾತೆಯಲ್ಲಿ ಖಾಲಿಯಾಗಿದೆ. ನೀರಿಗೆ ಕೊಳವೆ ಹಾಕಿದ ಜಾಣ್ಮೆಯನ್ನು ಕೆಲಸವನ್ನು ಇತ್ತ ಹರಿಸಲೂ ತೋರಿಸಬಹುದಿತ್ತಲ್ಲ?

ಕೂಡಿ ಕಳೆದರೆ

ಕೊನೆಗೆ ಉಳಿಕೆ ಎಷ್ಟು? ಈ ಖಾತೆಯ ತೊಡಕು ಇರುವುದೇ ಇಲ್ಲಿ. ಒಂದೇ ಬಾಬ್ತು ಒಬ್ಬನಿಗೆ ಜಮಾ, ಇನ್ನೊಬ್ಬನಿಗೆ ಖರ್ಚು. ಪೆನ್ಷನ್ ಬರುವ, ಸ್ವಂತ ಮನೆಯಿರುವ, ಹಳ್ಳಿಯಲ್ಲಿ ಎರಡೆಕರೆ ಇರುವ ನಿವೃತ್ತ ಮೇಷ್ಟ್ರಿಗೆ ಮಂಡ್ಯದಂಥ ಊರು ಇನ್ನೊಂದಿಲ್ಲ. ಅದೇ ಮನೆಯ ಮೊಮ್ಮಗಳಿಗೆ, ಬಿ.ಇ. ಮುಗಿಸಿ ಕೂತವಳಿಗೆ, ಅದೇ ಊರು ಕಿಟಕಿಯಿಲ್ಲದ ಕೋಣೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹೊಲವಿದ್ದವನಿಗೆ, ಹೆಸರಿದ್ದವನಿಗೆ, ಗಂಡಸಿಗೆ, ವಯಸ್ಸಾದವನಿಗೆ ಸಣ್ಣ ಊರು ಹೆಚ್ಚು ಕೊಡುತ್ತದೆ. ಹೊಲವಿಲ್ಲದವನಿಗೆ, ಹೊಸಬನಿಗೆ, ಹೆಣ್ಣುಮಗಳಿಗೆ, ಹರೆಯದವರಿಗೆ ಕಡಿಮೆ ಕೊಡುತ್ತದೆ. ಹೋಗುತ್ತಿರುವವರು ಯಾರು ಅಂತ ನೋಡಿದರೆ ಈ ಎರಡನೇ ಪಟ್ಟಿಯವರೇ. ಇದರಲ್ಲಿ ಒಗಟೇನೂ ಇಲ್ಲ.

ಆದ್ದರಿಂದ ಹೋಗುವವರನ್ನು ‘ಊರಿನ ಅಭಿಮಾನವಿಲ್ಲ’ ಅಂತ ಬೈದು ಪ್ರಯೋಜನವಿಲ್ಲ. ಹಾಗೆಯೇ ಮಂಡ್ಯವನ್ನು ಸಣ್ಣ ಬೆಂಗಳೂರು ಮಾಡುತ್ತೇವೆ ಎಂಬ ಭಾಷಣಕ್ಕೂ ಅರ್ಥವಿಲ್ಲ. ಬೆಂಗಳೂರಿನ ಖರ್ಚನ್ನೆಲ್ಲ ತಂದು, ಇಲ್ಲಿನ ಜಮಾವನ್ನೆಲ್ಲ ಕಳೆದುಕೊಂಡರೆ ಕೈಗೆ ಬರುವುದು ಚಿಪ್ಪು. ಬೇಕಾಗಿರುವುದು ನಾಲ್ಕೇ ನಾಲ್ಕು. ಕಬ್ಬೊಂದನ್ನೇ ನಂಬದ, ಓದಿದ ಹುಡುಗ ಹುಡುಗಿಯರಿಗೆ ಆಗುವಂಥ ಕೆಲಸ. ಇರುವ ಆಸ್ಪತ್ರೆಯಲ್ಲೇ ರಾತ್ರಿ ಎರಡು ಗಂಟೆಗೂ ಎದೆನೋವಿಗೆ ಚಿಕಿತ್ಸೆ. ಮಳವಳ್ಳಿಯಿಂದ ಮದ್ದೂರಿನ ರೈಲಿಗೆ ಹೊತ್ತಿಗೆ ಸರಿಯಾಗಿ ಒಂದು ಬಸ್ಸು. ಹೆಣ್ಣುಮಗಳು ಸಂಜೆ ನಿರಾಳವಾಗಿ ಓಡಾಡಲು ಬೀದಿ ದೀಪವಿರುವ, ಕೆಣಕುವವರಿಲ್ಲದ ರಸ್ತೆ. ಮೊದಲ ಮೂರಕ್ಕೆ ಸರ್ಕಾರ ಬೇಕು. ನಾಲ್ಕನೆಯದಕ್ಕೆ ದೀಪ ಹಾಕಲು ನಗರಸಭೆ ಸಾಕು, ಉಳಿದದ್ದು ಊರಿನವರ ಕೈಯಲ್ಲೇ ಇದೆ.

ಊರು ಬಿಟ್ಟವರು ಈಗಲೂ ವಾಪಸು ಬರುತ್ತಾರೆ. ಮಳವಳ್ಳಿಯ ಸಿಡಿ ಹಬ್ಬಕ್ಕೆ ಬರುತ್ತಾರೆ, ಓಟಿಗೆ ಬರುತ್ತಾರೆ, ಸಾವಿಗೆ ಬರುತ್ತಾರೆ. ಬಂದು, ಎರಡು ದಿನ ಇದ್ದು, ಒಂದು ಮೂಟೆ ರಾಗಿ ಡಿಕ್ಕಿಗೆ ಹಾಕಿಕೊಂಡು ಭಾನುವಾರ ಸಂಜೆ ಹೊರಡುತ್ತಾರೆ. ಕೆಲಸಕ್ಕೆ ಅಂತ ಬಂದು, ಸೋಮವಾರವೂ ಇಲ್ಲೇ ಉಳಿಯುವಂಥ ದಿನ ಬಂದಾಗ ಮಾತ್ರ ಈ ಖಾತೆಯಲ್ಲಿ ಜಮಾ ಹೆಚ್ಚಿತು ಎಂದು ಬರೆಯಬಹುದು.